ಪ್ರತಿಯಲ್ಲಿ ಇಲ್ಲದ ವಾಕ್ಯ

ಹಗೆಯ ಎದುರು ಕೂತು ಗೆಳೆತನದ ಪುಸ್ತಕವನ್ನು ಗಟ್ಟಿಯಾಗಿ ಓದುವುದರಲ್ಲಿ ಒಂದು ಬಗೆಯ ಸುಖವಿದೆಯೋ ಏನೋ ಎಂಬ ಅನುಮಾನ ಅವನಿಗೆ ಈಚೆಗೆ ಬರತೊಡಗಿತ್ತು. ಅನುಮಾನ ಬಂದಾಗಲೆಲ್ಲ ತನ್ನ ಮೇಲೇ ಸಿಟ್ಟು ಬರುತ್ತಿತ್ತು. ಸಿಟ್ಟು ಅವನಿಗೆ ಹೊಸದಲ್ಲ. ಓದು ಬಿಟ್ಟ ದಿನದಿಂದ ಹೊಟ್ಟೆಯಲ್ಲಿ ಒಂದು ಒಲೆ ಹಚ್ಚಿಟ್ಟುಕೊಂಡೇ ಓಡಾಡುವವನು. ಬಸ್ಸಿನಲ್ಲಿ ಕಾಲು ತುಳಿದವನು, ಸರದಿಯಲ್ಲಿ ನುಗ್ಗಿದವಳು, ದಪ್ಪ ಪುಸ್ತಕ ಬರೆದು ಅಚ್ಚಿಗೆ ತರುವ ದೊಡ್ಡ ಮನುಷ್ಯರು, ಎಲ್ಲರೂ ಅದಕ್ಕೆ ಒಂದೊಂದು ಕೊಳ್ಳಿ ತಂದು ಹಾಕುತ್ತಿದ್ದರು. ಆದರೆ ಈ ಮೇಲಿನ ಕೋಣೆಗೆ ಬಂದು, ಕಿಟಕಿಯ ಬೆಳಕು ಅಡ್ಡ ಬೀಳುವ ಹಳೆಯ ಮೇಜಿನ ಮುಂದೆ ಕೂತು, ಹಸ್ತಪ್ರತಿಯ ಮೊದಲ ಹಾಳೆ ಎತ್ತಿಕೊಂಡು ಗಂಟಲು ಸರಿಮಾಡಿಕೊಂಡನೆಂದರೆ ಒಲೆ ತಾನಾಗಿ ತಣ್ಣಗಾಗುತ್ತಿತ್ತು. ಕೆಳಗಿನಿಂದ ಯಂತ್ರದ ಒಂದೇ ಸಮನಾದ ದಡದಡ, ಮಸಿಯ ವಾಸನೆ, ಎದುರಿಗೆ ತಲೆ ತಗ್ಗಿಸಿದ ಆ ಮನುಷ್ಯನ ನಡುಬೈತಲೆ. ಆ ಬೈತಲೆಯನ್ನು ಕಂಡರೆ ಅವನಿಗೆ ಆಗದು. ಆದರೂ ಅದು ಕಾಣದ ದಿನ, ಆ ಮನುಷ್ಯ ಜ್ವರವೆಂದು ಬಾರದ ಎರಡು ದಿನ, ಕೋಣೆ ಹಲ್ಲು ಕಿತ್ತ ಬಾಯಿಯಂತೆ ಕಂಡಿತ್ತು.

ಅಚ್ಚುಕೂಟದಲ್ಲಿ ಅವನಿಗೆ ಗಂಟಲು ಎಂದು ಹೆಸರು, ಎದುರಿಗಿನವನಿಗೆ ಕಣ್ಣು. ಬರೆದವರ ಕೈಬರಹದ ಪ್ರತಿಯನ್ನು ಗಂಟಲು ಅಕ್ಷರ ಬಿಡದೆ ಗಟ್ಟಿಯಾಗಿ ಓದಬೇಕು. ಅಚ್ಚಾಗಿ ಬಂದ ಕರಡನ್ನು ಕಣ್ಣು ಬೆರಳಿಟ್ಟು ಹಿಂಬಾಲಿಸಿ ತಿದ್ದಬೇಕು. ಪ್ರತಿಯಲ್ಲಿದ್ದು ಕರಡಿನಲ್ಲಿ ಬಿಟ್ಟುಹೋದದ್ದನ್ನು ಅಂಚಿನಲ್ಲಿ ಬರೆದು ಸೇರಿಸಬೇಕು, ಪ್ರತಿಯಲ್ಲಿಲ್ಲದೆ ಕರಡಿನಲ್ಲಿ ನುಸುಳಿದ್ದನ್ನು ಹೊಡೆದು ಹಾಕಬೇಕು. ಅಷ್ಟೇ ಕೆಲಸ. ಕೆಳಗೆ ಅಚ್ಚಿನ ಅಕ್ಷರದ ಮೊಳೆ ಜೋಡಿಸುವ ಮುದುಕ, ಎಲ್ಲರೂ ಮೊಳೆಮಾವ ಎಂದು ಕರೆಯುವಾತ, "ಗಂಟಲಿಗೆ ನೆಗಡಿ ಆದ್ರೆ ಕಣ್ಣಿಗೆ ರಜಾ" ಎಂದು ನಗೆಯಾಡುತ್ತಿದ್ದ. ಗಂಟಲು ಓದುವಾಗ ಚಿಹ್ನೆಗಳನ್ನೂ ಓದಬೇಕು. "ಮಿತ್ರನು ನೆರೆರಾಜ್ಯದಂತೆ ಕಾಮಾ ಗಡಿಯಿರುವುದರಿಂದಲೇ ಮಿತ್ರನು ಫುಲ್‌ಸ್ಟಾಪ್ ಹೊಸ ಪ್ಯಾರಾ." ಬೇಸಗೆ ಶುರುವಾದಾಗಿನಿಂದ ಅವರಿಬ್ಬರ ನಡುವೆ ಇದಲ್ಲದೆ ಬೇರೆ ಮಾತಿಲ್ಲ. ಬೆಳಗಿನಿಂದ ಸಂಜೆಯವರೆಗೆ ಇವನು ಅವನ ಕಿವಿಗೆ ಸಾವಿರಾರು ಮಾತು ಸುರಿಯುತ್ತಾನೆ, ಅದರಲ್ಲಿ ಒಂದೂ ಇವನದಲ್ಲ.

ಒಂದೂ ಇವನದಲ್ಲ ಎಂದು ಹೇಳುವ ಹಾಗಿರಲಿಲ್ಲ, ಅದೇ ಈವತ್ತಿನ ತೊಂದರೆ. ಬೆಳಿಗ್ಗೆ ಮೆಟ್ಟಿಲು ಹತ್ತುವಾಗಲೇ ಮೊಳೆಮಾವ, "ಸಂಧಾನದ ಅಧ್ಯಾಯದ ಪುಟ ಕಟ್ಟಿ ಬಿಗಿದಿದೀನಪ್ಪ, ಕರಡು ಮೇಲಿದೆ. ಸಂಜೆ ಪುಸ್ತಕ ಬರೆದ ರಾಯಭಾರಿಗಳೇ ಬರ್ತಾರಂತೆ ನೋಡೋಕೆ" ಎಂದಿದ್ದ. ಅವನು ಮೆಟ್ಟಿಲ ನಡುವೆಯೇ ನಿಂತುಬಿಟ್ಟ. ಸಂಧಾನದ ಅಧ್ಯಾಯದಲ್ಲಿ ಪ್ರತಿಯಲ್ಲಿಲ್ಲದ ಒಂದು ವಾಕ್ಯವಿದೆ, ಅದನ್ನು ಹೇಳಿದವನು ತಾನು, ಬರೆದುಕೊಂಡವನು ಎದುರಿಗಿನವನು. ಅವನು ಅದನ್ನು ಪ್ರತಿಯ ಮಾತೆಂದು ನಂಬಿ ಬರೆದುಕೊಂಡನೋ, ಗೊತ್ತಿದ್ದೂ ಬರೆದುಕೊಂಡನೋ? ಕೇಳಬೇಕೆಂದರೆ ಬಾಯಿ ಬಿಡಬೇಕು. ಬಾಯಿ ಬಿಟ್ಟರೆ ಬೇಸಗೆಯಿಡೀ ಹಲ್ಲು ಕಚ್ಚಿ ಕಾಪಾಡಿದ್ದು ಹೋಯಿತು. ಸುಮ್ಮನಿದ್ದರೆ ಯಾರದೋ ಹೆಸರಿನ ಪುಸ್ತಕದಲ್ಲಿ ತನ್ನ ವಾಕ್ಯ ಸಾವಿರ ಪ್ರತಿಯಾಗಿ ಅಚ್ಚಾಗಿಬಿಡುತ್ತದೆ. ಸಿಕ್ಕಿಬಿದ್ದರೆ ಇಬ್ಬರ ಕೆಲಸವೂ ಹೋಗುತ್ತದೆ, ಇನ್ನಾವ ಅಚ್ಚುಕೂಟದವರೂ ಹತ್ತಿರ ಸೇರಿಸುವುದಿಲ್ಲ. ಈ ಕಸುಬಿನಲ್ಲಿ ಕದ್ದವನಿಗೆ ಕ್ಷಮೆ ಸಿಕ್ಕೀತು, ಸೇರಿಸಿದವನಿಗೆ ಇಲ್ಲ.

ಜಗಳ ದೊಡ್ಡದೇನಲ್ಲ, ಅದೇ ಅವನಿಗೆ ನಾಚಿಕೆ. ಒಬ್ಬರ ತಲೆ ಒಬ್ಬರು ಒಡೆದುಕೊಂಡಿದ್ದರೆ ಹೇಳಿಕೊಳ್ಳಲು ಒಂದು ಮರ್ಯಾದೆಯಾದರೂ ಇರುತ್ತಿತ್ತು. ಬೇಸಗೆಯ ಆರಂಭದ ಒಂದು ದಿನ ಅಚ್ಚುಕೂಟದ ಯಜಮಾನರ ಹತ್ತಿರ ಯಾರೋ ಕಾಲೇಜಿನ ಮೇಷ್ಟರು ಬಂದಿದ್ದರು. ಕೆಲಸ ತೋರಿಸಲು ಯಜಮಾನರು ಅವರನ್ನು ಮೇಲೆ ಕರೆತಂದರು. ಇವನು ಆಗ ಅದೇ ರಾಯಭಾರಿಗಳ ಪುಸ್ತಕದ ಮೊದಲ ಭಾಗ ಓದುತ್ತಿದ್ದ. ಶಾಸ್ತ್ರಗಳು ಗೆಳೆಯನ ಲಕ್ಷಣ ಹತ್ತು ಮಾತಿನಲ್ಲಿ ಹೇಳಿ ಮುಗಿಸಿ ಹಗೆಯ ಲಕ್ಷಣಕ್ಕೆ ನೂರು ಮಾತು ಏಕೆ ಖರ್ಚು ಮಾಡುತ್ತವೆ ಎನ್ನುವ ಜಾಗ. ಬಾಯಿ ತುಂಬುವ ಪದಗಳು, ಉಸಿರು ಬಿಡಲು ಜಾಗವಿಲ್ಲದ ಸಮಾಸಗಳು. ಅವನು ನೀರು ಕುಡಿದಂತೆ ಓದುತ್ತಿದ್ದ. ಮೇಷ್ಟರು ಬೆರಗಾಗಿ, "ಎಲ್ಲಿ ಓದಿದ್ದಪ್ಪ ನೀನು? ಇದೆಲ್ಲ ಅರ್ಥ ಆಗುತ್ತಾ?" ಎಂದರು. ಅವನು ಬಾಯಿ ತೆರೆಯುವ ಮೊದಲೇ ಕಣ್ಣು ನಕ್ಕು ಹೇಳಿದ, "ಅಯ್ಯೋ, ಇವನು ನಲ್ಲಿ ಇದ್ದಂಗೆ ಸಾರ್. ನೀರೇನೋ ಚೆನ್ನಾಗಿ ಬರುತ್ತೆ. ರುಚಿ ನಲ್ಲಿಗೆ ಗೊತ್ತಿರಲ್ಲ." ಮೇಷ್ಟರು ನಕ್ಕರು, ಯಜಮಾನರು ನಕ್ಕರು, ಕರಡು ತಂದಿದ್ದ ಮೊಳೆಮಾವ ಬೊಚ್ಚುಬಾಯಿ ತೆರೆದು ನಕ್ಕ. ಇವನೂ ನಕ್ಕ, ಅದೇ ಅವನಿಗೆ ಈಗಲೂ ಸಹಿಸಲಾಗದ್ದು, ಎಲ್ಲರಿಗಿಂತ ಹೆಚ್ಚು ಹೊತ್ತು ಇವನೇ ನಕ್ಕ.

ಮಾತು ಸುಳ್ಳಾಗಿದ್ದರೆ ಉಗುಳಿ ಬಿಡಬಹುದಿತ್ತು. ನಿಜ. ಎಷ್ಟೋ ಪದಗಳು ಅವನ ಬಾಯಿಂದ ಹೊರಟುಹೋದ ಮೇಲೆ ಪರಿಚಯವಿಲ್ಲದ ನೆಂಟರಂತೆ ಬೆನ್ನು ತೋರಿಸಿ ನಡೆಯುತ್ತಿದ್ದವು. ಆದರೆ ಅದು ಲೋಕದಲ್ಲಿ ಗೊತ್ತಿದ್ದುದು ಒಬ್ಬನಿಗೆ ಮಾತ್ರ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಗೊತ್ತಿಲ್ಲದ ಪದ ಬಂದಾಗ ಇವನು ಓದು ನಿಲ್ಲಿಸದೆ ಎಡಗೈಯ ಕಿರುಬೆರಳು ಮೇಲೆತ್ತುತ್ತಿದ್ದ. ಕಣ್ಣು ತಲೆಯೆತ್ತದೆ, ಕರಡು ತಿದ್ದುವವನಂತೆಯೇ, ಮೆಲ್ಲಗೆ ಅರ್ಥ ಗೊಣಗುತ್ತಿದ್ದ. "ಅಂದ್ರೆ ಒಪ್ಪಂದ." "ಅಂದ್ರೆ ಒತ್ತೆ ಇಟ್ಟವನು." ಮೂರನೆಯವರು ಕೋಣೆಯಲ್ಲಿದ್ದರೂ ಗೊತ್ತಾಗುತ್ತಿರಲಿಲ್ಲ. ಓದು ಬಿಟ್ಟ ಮೇಲೆ ಅವನು ಕಲಿತದ್ದೆಲ್ಲ ಹೀಗೆ, ಕಳ್ಳಸಾಗಣೆಯಲ್ಲಿ, ಬೆರಳ ತುದಿಯಲ್ಲಿ. ಆ ಬೆರಳನ್ನೇ ಹಿಡಿದು ನಾಲ್ಕು ಜನರ ಎದುರು ಎತ್ತಿ ತೋರಿಸಿದ ಹಾಗಾಗಿತ್ತು ಆ ನಲ್ಲಿಯ ಮಾತು. ಮರುದಿನ ಮೆಟ್ಟಿಲ ಮೂಲೆಯಲ್ಲಿ ಕಣ್ಣು ಅಡ್ಡಗಟ್ಟಿ, "ತಮಾಷೆಗೆ ಅಂದೆ ಕಣೋ. ಅವರು ನಿನ್ನ ಇನ್ನೂ ಕೆಣಕ್ತಾರೆ ಅಂತ ನಾನೇ ಮುಂಚೆ..." ಎಂದು ಏನೋ ಹೇಳಹೊರಟ. ಇವನು ಗೋಡೆಯ ಪಕ್ಕದಿಂದ ನುಸುಳಿ ಮೇಲೆ ಹೋಗಿಬಿಟ್ಟ. ಅಂದಿನಿಂದ ಕಿರುಬೆರಳು ಎತ್ತಲಿಲ್ಲ. ಗೊತ್ತಿಲ್ಲದ ಪದ ಗೊತ್ತಿಲ್ಲದೆಯೇ ಹೋಯಿತು, ಹೋಗಲಿ. ಒಂದು ಭಾನುವಾರ ತರಕಾರಿ ಅಂಗಡಿಯ ಮುಂದೆ ಕಣ್ಣಿನ ತಾಯಿ ಸಿಕ್ಕಿದರು. "ಏನೋ, ನಮ್ಮನೆ ದಾರಿ ಮರೆತೇಬಿಟ್ಯಾ? ಇವನನ್ನ ಕೇಳಿದ್ರೆ ಕೆಲಸ ಕೆಲಸ ಅಂತಾನೆ" ಎಂದರು. "ಹೌದಮ್ಮ, ಕೆಲಸ" ಎಂದ ಇವನು. ಮಗನೂ ಅದನ್ನೇ ಹೇಳಿದ್ದಾನಲ್ಲ, ಮಾತಾಡಿಕೊಳ್ಳದೆಯೇ ಇಬ್ಬರ ಸುಳ್ಳೂ ಒಂದೇ ಅಳತೆಗೆ ಬಂದಿದೆಯಲ್ಲ ಎಂದು ಮನೆಯವರೆಗೂ ಹಲ್ಲು ಕಡಿದುಕೊಂಡು ನಡೆದ.

ಆ ವಾಕ್ಯ ಹುಟ್ಟಿದ್ದು ಮೊದಲ ಕರಡಿನ ದಿನ. ಪುಸ್ತಕದ ಮೂರನೆಯ ಭಾಗ, ರಾಜ್ಯ ರಾಜ್ಯಗಳ ನಡುವಿನ ಮಾತುಕತೆಯದು. ಎರಡನೆಯ ಭಾಗದ ಇತಿಹಾಸ ಅವನಿಗೆ ಒಳಗೊಳಗೇ ಹಿಡಿಸಿತ್ತು. ಅದರಲ್ಲಿ ಜೀವನವಿಡೀ ಕಾದಾಡಿದ ಇಬ್ಬರು ರಾಜರಲ್ಲಿ ಒಬ್ಬ ಸತ್ತಾಗ, ಉಳಿದವನು ಅರಮನೆಯ ಬಾಗಿಲು ಹಾಕಿಸಿ "ಇನ್ನು ಯಾರಿಗೋಸ್ಕರ ಬೆಳಿಗ್ಗೆ ಬೇಗ ಏಳಲಿ" ಎಂದು ಕೂತ ಕಥೆಯಿತ್ತು. ಮೂರನೆಯ ಭಾಗ ಮಾತ್ರ ಬರೀ ಗಂಜಿ ಹಾಕಿದ ಬಟ್ಟೆ. ಸಂಧಾನದ ಅಧ್ಯಾಯದಲ್ಲಿ ರಾಯಭಾರಿಗಳು ಬರೆದಿದ್ದರು: ಹಗೆತನದ ಎರಡು ದೇಶಗಳಿಂದ ಇಬ್ಬರು ದೂತರು ಒಂದು ಕೋಣೆಯಲ್ಲಿ ಕೂತರು. ಮೊದಲು ಮಾತಾಡಿದವನು ಸೋತಂತೆ ಎಂದು ಇಬ್ಬರಿಗೂ ಅಪ್ಪಣೆ. ಒಬ್ಬ ಕಿಟಕಿ ತೆರೆದ, ಇನ್ನೊಬ್ಬ ಎದ್ದು ಮುಚ್ಚಿದ. ಮರುದಿನ ಮತ್ತೆ ಹಾಗೆಯೇ. ಕೊನೆಗೆ ಕಿಟಕಿ ಅರ್ಧ ತೆರೆದು ನಿಂತ ದಿನ ಒಪ್ಪಂದವಾಯಿತು. ಸಹಿ ಹಾಕುವಾಗಲೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಓದುತ್ತಿದ್ದ ಹಾಗೆ ಅವನಿಗೆ ಇದ್ದಕ್ಕಿದ್ದಂತೆ ರೇಗಿತು. ಇಷ್ಟೇ ಏನು? ಮುಖ ನೋಡದೆ ಸಹಿ ಹಾಕಿಬಿಟ್ಟರೆ ಆಗಿಹೋಯಿತೇ? ಎದುರಿಗೆ ಆ ಬೈತಲೆ ಏನೂ ಆಗದ ಹಾಗೆ ತಗ್ಗಿಕೊಂಡಿತ್ತು. ಅವನಿಗೇ ಗೊತ್ತಾಗುವ ಮೊದಲು, ಅದೇ ಓದುವ ದನಿಯಲ್ಲಿ, ಅದೇ ಏರಿಳಿತದಲ್ಲಿ ಬಾಯಿಂದ ಹೊರಟಿತು: "ನಾಲ್ಕು ಜನರ ಎದುರು ಹರಿದದ್ದನ್ನು ಕಾಮಾ ಮೂಲೆಯಲ್ಲಿ ನಿಂತು ಹೊಲಿದರೆ ಹೊಲಿಗೆ ನಿಲ್ಲುವುದಿಲ್ಲ ಫುಲ್‌ಸ್ಟಾಪ್."

ಲೇಖನಿ ನಿಂತಿತು. ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸುತ್ತಿದ್ದರು. ಆಮೇಲೆ ಲೇಖನಿ ಅಂಚಿಗೆ ಸರಿಯಿತು, ಸಣ್ಣ ಅಕ್ಷರದಲ್ಲಿ ಒಂದೂ ಪದ ಬಿಡದೆ ಬರೆದುಕೊಂಡಿತು, ಸೇರಿಸಬೇಕಾದ ಜಾಗಕ್ಕೆ ಗೆರೆ ಎಳೆಯಿತು. ಮತ್ತೆ ಬೆರಳು ಮುಂದಿನ ಸಾಲಿನ ಮೇಲೆ ಬಂದು ಕಾಯುತ್ತ ನಿಂತಿತು. ಅವನು ಓದಿದ. ಕರಡು ಕೆಳಗೆ ಹೋಯಿತು. ಮೊಳೆಮಾವ ತನಗೆ ಕೊಟ್ಟದ್ದನ್ನು ಜೋಡಿಸುವವನು. ದೇವರು ಬಂದು ಬೈಗುಳ ಕೊಟ್ಟರೂ ಅಂಚು ಸಮ ಮಾಡಿ ಜೋಡಿಸುತ್ತಾನೆ.

ಈವತ್ತು ಅದೇ ಅಧ್ಯಾಯದ ಪುಟದ ಕರಡು ಎದುರಿಗಿನವನ ಕೈಯಲ್ಲಿದೆ, ಪ್ರತಿ ಇವನ ಕೈಯಲ್ಲಿ. ಓದು ಶುರುವಾಯಿತು. ಫ್ಯಾನು ನಿಧಾನ ತಿರುಗುತ್ತಿತ್ತು. ಅದರ ವೇಗದ ಬಗ್ಗೆಯೂ ಅವರಿಬ್ಬರ ನಡುವೆ ಬೇಸಗೆಯಿಡೀ ಮಾತಿಲ್ಲದ ಒಂದು ಎಳೆದಾಟ ನಡೆದು, ಈಗ ಇಬ್ಬರಿಗೂ ಬೇಡವಾದ ಒಂದು ನಡುವೇಗದಲ್ಲಿ ನಿಂತಿತ್ತು. ಅವನು ಓದುತ್ತ ಓದುತ್ತ ಲೆಕ್ಕ ಹಾಕಿದ. ತಾನು ಆ ವಾಕ್ಯ ಓದದೆ ಮುಂದೆ ಹೋದರೆ, ಕರಡಿನಲ್ಲಿ ಅದು ಹೆಚ್ಚುವರಿಯಾಗಿ ಕಾಣುತ್ತದೆ. ಕಣ್ಣು ಮುಗ್ಧನಾಗಿ ಬರೆದುಕೊಂಡಿದ್ದರೆ ಈಗ ತಡೆಯಬೇಕು, "ಇಲ್ಲೊಂದು ವಾಕ್ಯ ಬಿಟ್ಟೆ ನೀನು" ಎನ್ನಬೇಕು. ತಡೆಯದಿದ್ದರೆ? ಕಿಟಕಿ ತೆರೆದದ್ದಾಯಿತು, ಮುಚ್ಚಿದ್ದಾಯಿತು, ಕಿಟಕಿ ಅರ್ಧವಾಯಿತು. "ಸಹಿ ಹಾಕುವಾಗಲೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ ಫುಲ್‌ಸ್ಟಾಪ್." ಒಂದು ಉಸಿರು. "ಹೊಸ ಪ್ಯಾರಾ."

ಬೆರಳು ಆ ಎರಡು ಸಾಲಿನ ಮೇಲೆ ನಿಂತಿತು. ಅವನಿಗೆ ತಲೆಕೆಳಗಾಗಿ ಕಾಣುತ್ತಿತ್ತು ತನ್ನ ವಾಕ್ಯ, ಕಪ್ಪಗೆ, ನೆಟ್ಟಗೆ, ಬೇರೆಯವರ ವಾಕ್ಯಗಳ ಪಂಕ್ತಿಯಲ್ಲಿ ಕರೆಯದೆ ಬಂದು ಕೂತ ನೆಂಟನಂತೆ. ನೋಡಲು ಚೆನ್ನಾಗಿಯೇ ಇತ್ತು, ಆ ಹಾಳು ವಾಕ್ಯ. ಬೆರಳು ಸಾಲಿನ ಉದ್ದಕ್ಕೂ ನಿಧಾನವಾಗಿ, ಒಂದೊಂದು ಪದವನ್ನೂ ಮುಟ್ಟುತ್ತ ಸರಿದು, ಹೊಸ ಪ್ಯಾರಾದ ಮೊದಲ ಅಕ್ಷರದ ಮೇಲೆ ಬಂದು ನಿಂತಿತು. ತಲೆ ಮೇಲೇಳಲಿಲ್ಲ. ಕಿವಿಯ ತುದಿ ಮಾತ್ರ ಕೆಂಪಗಾಗಿತ್ತು. ಗೊತ್ತಿದೆ. ಮೊದಲ ದಿನದಿಂದಲೂ ಗೊತ್ತಿದೆ ಇವನಿಗೆ! ಗೊತ್ತಿದ್ದೂ ಬರೆದುಕೊಂಡ, ಗೊತ್ತಿದ್ದೂ ಉಳಿಸಿದ. ಅವನಿಗೆ ಎದ್ದು ಕುಣಿಯಬೇಕೆನಿಸಿತು, ಹಾಗೆಯೇ ಎದುರಿಗಿನವನ ಕಪಾಳಕ್ಕೆ ಒಂದು ಬಿಡಬೇಕೆಂದೂ ಅನಿಸಿತು. ಎರಡೂ ಮಾಡಲಿಲ್ಲ. "ರಾಜತಂತ್ರದಲ್ಲಿ ಮೌನವೂ ಕಾಮಾ" ಎಂದು ಮುಂದುವರಿಸಿದ. ದನಿ ಯಾಕೋ ಹಗುರಾಗಿತ್ತು, ಮುಂದಿನ ಪುಟಗಳನ್ನು ಅವನು ಹಾಡಿದ ಹಾಗೆ ಓದಿದ.

ರಾಯಭಾರಿಗಳು ಸಂಜೆಯ ಬಿಸಿಲು ಕಿಟಕಿಯಿಂದ ಗೋಡೆಗೆ ದಾಟುವ ಹೊತ್ತಿಗೆ ಬಂದರು, ಹಿಂದೆ ಯಜಮಾನರು ಕುರ್ಚಿ ಹಿಡಿದುಕೊಂಡು. ಎತ್ತರದ, ಬಡಕಲು ಮುದುಕ. ಇಸ್ತ್ರಿ ಮಾಡಿದ ಅಂಗಿ, ಅದರ ಕುತ್ತಿಗೆ ಮಾತ್ರ ಸವೆದಿತ್ತು. ಇಷ್ಟು ದಿನ ಅವರ ವಾಕ್ಯಗಳ ಮೇಲೆ ಹಲ್ಲು ಮಸೆದಿದ್ದ ಇವನು ದಪ್ಪಗಿನ, ಬೆಳ್ಳಗಿನ ಯಾರನ್ನೋ ಕಲ್ಪಿಸಿಕೊಂಡಿದ್ದ. ಅವರು ಕೂತು ಪುಟದ ಕರಡುಗಳನ್ನು ಒಂದೊಂದಾಗಿ ನೋಡಿದರು, ಅಲ್ಲಲ್ಲಿ ತಲೆಯಾಡಿಸಿದರು. ಮೊಳೆಮಾವ ಬಾಗಿಲಲ್ಲಿ ನಿಂತಿದ್ದ. ಆ ಪುಟ ಬಂದಿತು. ಅವರು ಓದಿದರು, ಮತ್ತೆ ಓದಿದರು. ಇವನು ಹಸ್ತಪ್ರತಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡ.

"ಇದು ಚೆನ್ನಾಗಿ ಬಂದಿದೆ" ಎಂದರು ರಾಯಭಾರಿಗಳು, ಸಾಲಿನ ಮೇಲೆ ಉಗುರು ಇಟ್ಟು. "ನಾಲ್ಕು ಜನರ ಎದುರು ಹರಿದದ್ದನ್ನು... ಬರೆದದ್ದೇ ನೆನಪಿರಲಿಲ್ಲ ನೋಡಿ. ಹಿಂದೆ ಒಂದು ಮಾತುಕತೆಯಲ್ಲಿ ಇದನ್ನೇ ಹೇಳಿದ್ದೆ ನಾನು, ಮೇಜು ಗುದ್ದಿ. ಎದುರು ಪಕ್ಷದವರು ತಣ್ಣಗಾಗಿಬಿಟ್ಟರು."

"ನಿಮ್ಮ ಅನುಭವ ಅಂದ್ರೆ ಸಾಮಾನ್ಯವಾ ಸಾರ್" ಎಂದರು ಯಜಮಾನರು.

ಅವನ ಒಲೆ ಒಮ್ಮೆಗೇ ಭಗ್ಗೆಂದಿತು. ಸಿಕ್ಕಿಬಿದ್ದು ಕೆಲಸ ಹೋಗುವುದನ್ನು ಅವನು ನೂರು ಸಲ ನೆನೆದಿದ್ದ, ಇದನ್ನು ನೆನೆದಿರಲಿಲ್ಲ. ತನ್ನ ಹೊಟ್ಟೆಯೊಳಗೆ ಬೆಂದು ಬಂದ ಒಂದೇ ಒಂದು ವಾಕ್ಯ, ಅದನ್ನೂ ಈ ಮುದುಕ ಮೇಜು ಗುದ್ದಿ ತನ್ನದು ಮಾಡಿಕೊಂಡನಲ್ಲ! ನಲ್ಲಿಗೆ ನಲ್ಲಿಯದೇ ಅಂತ ಒಂದು ಹನಿಯೂ ಇರಬಾರದೇ? ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಗ ಎದುರಿನ ಕುರ್ಚಿ ಕಿರ್ರೆಂದಿತು.

"ಅದು ನಿಮ್ಮದಲ್ಲ ಸಾರ್" ಎಂದ ಕಣ್ಣು.

ಯಜಮಾನರು, "ಏಯ್, ಏನಯ್ಯಾ ಅದು?" ಎಂದರು.

"ಪ್ರತೀಲಿ ಇಲ್ಲ ಸಾರ್, ನೋಡಿ ಬೇಕಾದ್ರೆ. ಇವನು ಓದ್ತಾ ಓದ್ತಾ ತಾನೇ ಸೇರಿಸಿ ಹೇಳ್ದ. ನಂಗೆ ಅಂತ ಹೇಳ್ದ. ನಾನು ಗೊತ್ತಿದ್ದೇ ಬರ್ಕೊಂಡೆ."

"ಗೊತ್ತಿದ್ದು ಯಾಕಯ್ಯಾ ಬರ್ಕೊಂಡೆ? ತಲೆ ನೆಟ್ಟಗಿದ್ಯಾ?"

"ಹೊಡೆದು ಹಾಕೋಕೆ ಕೈ ಬರಲಿಲ್ಲ. ಚೆನ್ನಾಗಿತ್ತು." ಕಣ್ಣು ಎದ್ದು ನಿಂತಿದ್ದ. ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ, ದೋಣಿಯಲ್ಲಿ ನಿಂತವನ ಹಾಗೆ. "ಈ ಕೋಣೇಲೇ, ನಾಲ್ಕು ಜನರ ಎದುರಿಗೇ, ಇವನನ್ನ ನಾನು ನಲ್ಲಿ ಅಂದೆ. ಎಲ್ಲ ನಕ್ರು. ನನಗೆ ಅವತ್ತು ಭಾರಿ ಜಾಣ ಅನ್ನಿಸ್ಕೊಳ್ಳೋ ಚಪಲ. ನನ್ನ ತಪ್ಪು ಸಾರ್ ಅದು. ಇದೂ ನನ್ನದೇ. ಇವನು ಬಾಯಲ್ಲಿ ಹೇಳ್ದ ಅಷ್ಟೇ. ಬರವಣಿಗೆಗೆ ತಂದೋನು ನಾನು."

ಬೇಸಗೆಯಿಡೀ ಅವನು ಈ ಕ್ಷಣವನ್ನು ಮಲಗುವ ಮುನ್ನ ನೆನೆನೆನೆದು ಸವಿದಿದ್ದ: ಕಣ್ಣು ತಲೆ ತಗ್ಗಿಸಿ ನಿಲ್ಲುತ್ತಾನೆ, ತಾನು ಕಾಲ ಮೇಲೆ ಕಾಲು ಹಾಕಿ ಕೂತು ಆಮೇಲೆ ಒಂದು ಮಾತು ಹೇಳುತ್ತಾನೆ. ಆ ಮಾತನ್ನು ಎಷ್ಟು ಸಲ ತಿದ್ದಿದ್ದ, ಎಷ್ಟು ಸಲ ಹೊಡೆದು ಬರೆದಿದ್ದ. ಈಗ ನೋಡಿದರೆ ಯಾರದೋ ಬಚ್ಚಲಿನ ಬಾಗಿಲು ತಿಳಿಯದೆ ತೆಗೆದವನ ಹಾಗೆ ಮುಖ ಎಲ್ಲಿಡಬೇಕೆಂದು ತಿಳಿಯುತ್ತಿಲ್ಲ. ಕೂತ್ಕೊಳ್ಳೋ, ಸಾಕು, ಕೂತ್ಕೊಳ್ಳೋ ಎಂದು ಒಳಗೇ ಬೇಡಿಕೊಂಡ. ಕಣ್ಣಿನ ಅಂಗಿಯ ಮೇಲುಗುಂಡಿ ತಪ್ಪು ತೂತಿಗೆ ಸೇರಿತ್ತು. ಇಡೀ ದಿನ ಎದುರಿಗೆ ಕೂತು ತಾನು ನೋಡಿರಲಿಲ್ಲ.

"ಇಬ್ಬರೂ ಗಂಟುಮೂಟೆ ಕಟ್ಟಿ" ಎಂದರು ಯಜಮಾನರು. ಸಿಟ್ಟಿನಿಂದ ಅವರ ಮೂಗು ಬೆವರಿತ್ತು. "ಸಾರ್, ಇಂಥದ್ದು ನಮ್ಮಲ್ಲಿ ಎಂದೂ ಆಗಿಲ್ಲ. ಅನ್ನ ಹಾಕಿದ ಮನೆಗೇ ಕನ್ನ."

ರಾಯಭಾರಿಗಳು ಕೈಯೆತ್ತಿ ಅವರನ್ನು ತಡೆದರು. ಆ ಕೈ ಅಭ್ಯಾಸವಿದ್ದ ಕೈ. ಅವರ ಮುಖ ಮಾತ್ರ ಬಿಳಿಚಿತ್ತು. ಮೇಜು ಗುದ್ದಿದ ಕಥೆ ಇನ್ನೂ ಕೋಣೆಯ ಗಾಳಿಯಲ್ಲಿ ನೇತಾಡುತ್ತಿತ್ತು, ಅದನ್ನು ಎಲ್ಲರೂ ನೋಡುತ್ತಿದ್ದರು, ಯಾರೂ ಮುಟ್ಟಲಿಲ್ಲ. "ಇನ್ನೆಷ್ಟು ಇವೆ ಇಂಥವು?" ಎಂದರು.

"ಒಂದೇ ಸಾರ್" ಎಂದ ಇವನು. ಆ ಕೋಣೆಯಲ್ಲಿ ಅವನು ತನ್ನದೇ ದನಿಯಲ್ಲಿ ಮಾತಾಡಿ ಎಷ್ಟೋ ಕಾಲವಾಗಿತ್ತು.

"ಒಪ್ಪಂದದ ಪ್ರತಿ ಮಾಡುವಾಗ ಒಂದು ವಾಕ್ಯ ತುರುಕುವವರ ನಡುವೆಯೇ ಕೂದಲು ಬೆಳ್ಳಗಾಯಿತು ನನಗೆ. ಒಬ್ಬನೂ ಹೀಗೆ ಎದ್ದು ನಿಂತು ಒಪ್ಪಿಕೊಂಡದ್ದು ನೋಡಲಿಲ್ಲ." ಅವರು ಕನ್ನಡಕ ತೆಗೆದು ಒರೆಸಿದರು. "ನಾನೂ ಈಗ ಒಂದು ಸುಳ್ಳು ಹೇಳಿದೆ, ಬಿಡಿ. ಮೇಜು ಗಿಜು ಗುದ್ದುವವನಲ್ಲ ನಾನು. ಏನಪ್ಪ, ನಿನ್ನ ವಾಕ್ಯ ಇರಲೋ, ತೆಗೆಯಲೋ?"

ಇರಲಿ ಎಂದರೆ ಇರುತ್ತಿತ್ತೇನೋ. ಆಸೆಯಾಗಲಿಲ್ಲವೆಂದಲ್ಲ. ಹೆಸರಿಲ್ಲದೆಯಾದರೂ ಒಂದು ಪುಸ್ತಕದಲ್ಲಿ ಎರಡು ಸಾಲು. ಆದರೆ ಅದನ್ನು ಅವನು ಪುಸ್ತಕಕ್ಕೆಂದು ಹೇಳಿರಲಿಲ್ಲವಲ್ಲ. "ತೆಗೀರಿ ಸಾರ್" ಎಂದ. "ಮುಟ್ಟಬೇಕಾದವರಿಗೆ ಮುಟ್ಟಿದ್ದಾಯ್ತು."

ಬಾಗಿಲಲ್ಲಿ ಮೊಳೆಮಾವ ಕೆಮ್ಮಿದ. "ತೆಗೀರಿ ಅಂತ ಬಾಯಲ್ಲಿ ಹೇಳಿದ್ರೆ ಆಗೋಯ್ತೇನ್ರಪ್ಪ? ಪುಟ ಕಟ್ಟಿ ಬಿಗಿದಾಗಿದೆ. ಎರಡು ಸಾಲು ಕಿತ್ತರೆ ಅಧ್ಯಾಯದ ಕೊನೇವರೆಗೂ ಎಲ್ಲ ಪುಟ ಬಿಚ್ಚಬೇಕು ನಾನು. ನಿಮ್ಮ ನಿಮ್ಮ ಸ್ನೇಹ ದ್ವೇಷ ಎಲ್ಲ ಸರಿ, ನನ್ನ ಸೊಂಟ ನೋಡೋರು ಯಾರು? ಅಲ್ಲಿಗೆ ಎರಡು ಸಾಲು ಬರ್ಕೊಡ್ಲಿ ಬುದ್ಧಿಯೋರು. ಮುಗೀತು."

ಹೀಗೆ ರಾಯಭಾರಿಗಳು ಕಣ್ಣಿನ ಲೇಖನಿ ತೆಗೆದುಕೊಂಡು ಅದೇ ಮೇಜಿನ ಮೂಲೆಯಲ್ಲಿ ಬರೆಯಲು ಕೂತರು. ಯಜಮಾನರು ಗೊಣಗುತ್ತ ಗೋಡೆಗೆ ಒರಗಿದರು. "ಸಂಧಾನವೆಂಬುದು ಕಾಲದ" ಎಂದು ಬರೆದು ರಾಯಭಾರಿಗಳು ತಾವೇ ಹೊಡೆದು ಹಾಕಿದರು. ಇನ್ನೊಂದು ಬರೆದರು, ಹೊಡೆದರು. ಅವರ ತುಟಿ ಪರೀಕ್ಷೆಗೆ ಕೂತವರಂತೆ ಅಲುಗುತ್ತಿತ್ತು. ಇವನಿಗೆ ಅದನ್ನು ನೋಡಿ ಹಿಗ್ಗಬೇಕಿತ್ತು; ಹಿಗ್ಗು ಹುಡುಕಿದ, ಸಿಗಲಿಲ್ಲ. "ಅದಕ್ಕೆ ಹಿಂದಿನ ಸಾಲು ಸ್ವಲ್ಪ ಓದಪ್ಪ" ಎಂದರು ಅವರು. ಅವನು ಓದಿದ. ಕಿಟಕಿ ತೆರೆದದ್ದು, ಮುಚ್ಚಿದ್ದು, ಸಹಿ ಹಾಕುವಾಗಲೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ ಫುಲ್‌ಸ್ಟಾಪ್. ಕೇಳುತ್ತ ಕೇಳುತ್ತ ಅವರು ತಮ್ಮದೇ ಮಾತನ್ನು ಬೇರೆ ಯಾರೋ ಹೇಳಿದ ಚಾಡಿಯಂತೆ ಆಲಿಸಿದರು. ಆಮೇಲೆ ಸರಸರನೆ ಬರೆದು ಹಾಳೆಯನ್ನು ಅವನತ್ತ ತಳ್ಳಿದರು.

ಅವನು ಅಭ್ಯಾಸದ ದನಿಯಲ್ಲೇ ಓದಿದ: "ಆ ಇಬ್ಬರಲ್ಲಿ ಒಬ್ಬ ನಾನು ಫುಲ್‌ಸ್ಟಾಪ್ ಕಿಟಕಿ ಮುಚ್ಚಿದವನು ನಾನೇ ಫುಲ್‌ಸ್ಟಾಪ್."

ಕಣ್ಣು ಅಕ್ಷರ ಎಣಿಸಿದ, ಅವನ ಬೆರಳುಗಳಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. "ಸಾರ್, ಒಂದೂವರೆ ಸಾಲು ಆಗುತ್ತೆ" ಎಂದ ಸಂಕೋಚದಿಂದ. "ಇನ್ನೊಂದು ಮೂರು ನಾಲ್ಕು ಪದ ಬೇಕು."

"ಬೇಕೇ?" ಎಂದರು ಮುದುಕರು. ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡು ಬಹಳ ಹೊತ್ತು ಅದರ ಖಾಲಿ ಭಾಗ ನೋಡಿದರು. ಬರೆದರು. ಈ ಸಲ ಅವನತ್ತ ತಳ್ಳಲಿಲ್ಲ, ಅವನೇ ಬಾಗಿ ನೋಡಿ ಓದಬೇಕಾಯಿತು. "ಆ ಇನ್ನೊಬ್ಬ ಈಗಲೂ ಬದುಕಿದ್ದಾನೆ." ಫುಲ್‌ಸ್ಟಾಪ್ ಎನ್ನಲು ಅವನಿಗೆ ಮನಸ್ಸಾಗಲಿಲ್ಲ.

"ಕೂತ್ಕೊಳ್ಳುತ್ತೆ ಬುದ್ಧಿ, ಅಳತೆಗೆ ಸರಿಯಾಗಿ" ಎಂದ ಮೊಳೆಮಾವ ಹಾಳೆ ತೆಗೆದುಕೊಂಡು. ರಾಯಭಾರಿಗಳು ಎದ್ದರು. ಇಳಿಯುವ ಮುನ್ನ ಯಜಮಾನರನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರು; ಯಜಮಾನರು ಒಲ್ಲದ ಮುಖದಲ್ಲಿ ತಲೆಯಾಡಿಸಿದರು. ಅವರನ್ನು ಗಾಡಿಯವರೆಗೆ ಬಿಟ್ಟು ತಿರುಗಿ ಬಂದು, ಬಾಗಿಲಲ್ಲೇ ನಿಂತು ತೀರ್ಪು ಹೇಳಿದರು: "ಕೆಲಸದಿಂದ ತೆಗೀಬೇಡಿ ಅಂದಿದಾರೆ ಆ ಪುಣ್ಯಾತ್ಮರು. ಆದ್ರೆ ನಿಮ್ಮ ಮಾತಿನ ಮೇಲೆ ಇನ್ನು ನನಗೆ ನಂಬಿಕೆ ಇಲ್ಲ. ಯಾವ ಸಾಲು ಅವರದು, ಯಾವ ಸಾಲು ನಿಮ್ಮಪ್ಪಂದು ಅಂತ ಯಾರಿಗೆ ಗೊತ್ತು? ನಾಳೆಯಿಂದ ಇಡೀ ಪುಸ್ತಕ, ಮೊದಲ ಪುಟದಿಂದ, ಒಂದಕ್ಷರ ಬಿಡದಂಗೆ ಮತ್ತೆ ಓದಿ. ಇಬ್ಬರೂ. ಇಲ್ಲೇ ಕೂತು ಸಾಯಿರಿ."

ಇದು ಶಿಕ್ಷೆ ಎಂದು ಯಜಮಾನರಿಗೆ ನಿಜವಾಗಿಯೂ ಅನಿಸಿತ್ತು. ಅವನು ನಗು ತಡೆಯಲು ತುಟಿ ಕಚ್ಚಿಕೊಂಡ. ಎದುರಿಗಿನವನು ಕರಡುಗಳನ್ನು ಜೋಡಿಸುವ ನೆಪದಲ್ಲಿ ತಲೆ ತಗ್ಗಿಸಿದ್ದ, ಭುಜ ಕುಲುಕುತ್ತಿತ್ತು. ಶಾಸ್ತ್ರ, ಇತಿಹಾಸ, ರಾಜತಂತ್ರ, ನಾನೂರು ಚಿಲ್ಲರೆ ಪುಟ. ಮಳೆಗಾಲ ಕಳೆಯುವವರೆಗೆ ಮುಗಿಯದು.

ಬೀದಿಗಿಳಿದಾಗ ಇನ್ನೂ ಬೆಳಕಿತ್ತು. ಅಂಗಡಿಯವರು ಪಾದಚಾರಿ ದಾರಿಗೆ ನೀರು ಚಿಮುಕಿಸುತ್ತಿದ್ದರು. ಇಬ್ಬರೂ ಪಕ್ಕಪಕ್ಕ ನಡೆದರು, ಒಬ್ಬರ ಪಕ್ಕ ಒಬ್ಬರಿದ್ದೇವೆ ಎಂದು ಇನ್ನೂ ಒಪ್ಪಿಕೊಳ್ಳದವರಂತೆ, ನಡುವೆ ಒಬ್ಬ ಆಳು ಹಿಡಿಸುವಷ್ಟು ಜಾಗ ಬಿಟ್ಟು.

"ನಿನ್ನಿಂದ ನೋಡು" ಎಂದ ಕಣ್ಣು ಕಡೆಗೆ. "ಇಡೀ ಮಳೆಗಾಲ ಹೋಯ್ತು ನನ್ನದು."

"ನನ್ನಿಂದನಾ?" ಅವನು ನಿಂತೇಬಿಟ್ಟ. "ಲೋ, ಬರ್ಕೊಂಡೋನು ಯಾರೋ? ನಿನಗ್ಯಾವನು ಬರ್ಕೋ ಅಂದ?"

"ಅಷ್ಟು ಗಟ್ಟಿಯಾಗಿ ಕಾಮಾ ಫುಲ್‌ಸ್ಟಾಪ್ ಹಾಕಿ ಹೇಳಿದ್ರೆ ಬರ್ಕೊಳ್ದೆ ಏನು ಕಡ್ಲೆ ತಿನ್ಲಾ?"

"ಗೊತ್ತಿತ್ತು ಅಂತ ಅವಾಗ್ಲೇ ಬಾಯಿ ಬಿಡೋಕೆ ಏನಾಗಿತ್ತು ನಿಂಗೆ ರೋಗ?"

"ನೀನು ಬಿಟ್ಯಾ? ಮೆಟ್ಟಿಲ ಹತ್ರ ನಾಯಿ ಬೊಗಳ್ತಿದೆ ಅನ್ನೋ ಹಂಗೆ ಬಿಟ್ಟು ಹೋದ್ಯಲ್ಲ, ಕತ್ತೆ."

"ಕತ್ತೆ ನಿಮ್ಮಜ್ಜ."

ಎದುರಿನಿಂದ ಬರುತ್ತಿದ್ದವರು ಸುತ್ತುಹಾಕಿ ಹೋದರು; ಒಬ್ಬಾಕೆ ತನ್ನ ಮಗುವನ್ನು ಇನ್ನೊಂದು ಕೈಗೆ ಬದಲಾಯಿಸಿದಳು. ಅವರು ಬೇಸಗೆಯಿಡೀ ಕೂಡಿಟ್ಟದ್ದನ್ನೆಲ್ಲ ಒಂದೊಂದಾಗಿ ಹೊರತೆಗೆದು, ಬೆಳಕಿಗೆ ಹಿಡಿದು, ಒಬ್ಬರ ಮೇಲೊಬ್ಬರು ಎಸೆಯುತ್ತ ನಡೆದರು. ಅವನಿಗೆ ಹಸಿವಾಗಿತ್ತು, ದನಿ ಒಡೆದಿತ್ತು, ಇಷ್ಟು ಹಗುರಾಗಿ ಸಿಟ್ಟು ಮಾಡಿ ಯಾವ ಕಾಲವಾಗಿತ್ತೋ. ಎರಡು ದಾರಿ ಬೇರೆಯಾಗುವ ತಿರುವು ಬಂದಿತು. ಎಡಕ್ಕೆ ಹೋದರೆ ಅವನ ಮನೆ, ನೇರ ಹೋದರೆ ಕಣ್ಣಿನದು. ಜಗಳ ಇನ್ನೂ ಅರ್ಧವೂ ಆಗಿರಲಿಲ್ಲ. ಆದ್ದರಿಂದ ಅವನು ತಿರುಗಲಿಲ್ಲ.